ಮಾತು ಬಿಟ್ಟ ಇಬ್ಬರು, 2,263 ಶೋಗಳು: ರಮೋನ್ಸ್ ಕಥೆ

[ದೃಶ್ಯ: ಕಾರವಾರದ ಟಾಗೋರ್ ಕಡಲತೀರ, ಬೆಳಿಗ್ಗೆ. ಅಲೆಗಳ ಸದ್ದು.]

ನಮಸ್ಕಾರ. ನನ್ನ ಹಿಂದೆ ರಂಪಣಿ ಬಲೆ ಎಳೆಯುತ್ತಿದ್ದಾರೆ, ನೋಡಿ. ದೋಣಿಯವರು ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದಿದ್ದಾರೆ. ಆ ತುದಿಗೊಂದು ಗುಂಪು, ಈ ತುದಿಗೊಂದು ಗುಂಪು. ಒಂದು ಕಡೆಯವರು ಕೈಬಿಟ್ಟರೂ ಮೀನು ಹೋಯಿತು. ಇದನ್ನು ನೋಡಿದಾಗಲೆಲ್ಲ ನನಗೆ ನ್ಯೂಯಾರ್ಕಿನ ರಾಕ್ ಬ್ಯಾಂಡ್ ರಮೋನ್ಸ್ ನೆನಪಾಗುತ್ತಾರೆ.

[ದೃಶ್ಯ: ನಾಲ್ವರ ಚಿತ್ರ. ಚರ್ಮದ ಜಾಕೆಟ್, ಹರಿದ ಜೀನ್ಸ್.]

1974. ಕ್ವೀನ್ಸ್ ಬಡಾವಣೆಯ ನಾಲ್ಕು ಹುಡುಗರು. ಜೋಯಿ, ಜಾನಿ, ಡೀ ಡೀ, ಟಾಮಿ. ಎಲ್ಲರ ಹೆಸರಿನ ಕೊನೆಗೂ ರಮೋನ್. ಆದರೆ ಅವರು ಅಣ್ಣತಮ್ಮಂದಿರಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಂದೊಮ್ಮೆ ಪಾಲ್ ರಮೋನ್ ಎಂದು ಹೆಸರು ಇಟ್ಟುಕೊಂಡಿದ್ದ. ಅಲ್ಲಿಂದ ಎತ್ತಿಕೊಂಡರು.

ಆಗಿನ ರಾಕ್‌ನಲ್ಲಿ ಒಂದೊಂದು ಗಿಟಾರ್ ಸೋಲೋ ನಿಮಿಷಗಟ್ಟಲೆ ಓಡುತ್ತಿತ್ತು. ಇವರು ಅದನ್ನೆಲ್ಲ ಕಿತ್ತು ಹಾಕಿದರು. ಡೀ ಡೀ ‘ಒನ್ ಟು ತ್ರೀ ಫೋರ್’ ಎಂದು ಕೂಗುತ್ತಿದ್ದ, ಹಾಡು ಶುರು. ಜಾನಿಯ ಕೈ ತಂತಿಯ ಮೇಲೆ ಬರೀ ಕೆಳಮುಖವಾಗಿ ಬೀಳುತ್ತಿತ್ತು, ಒಂದೇ ಸಮ, ಒಂದೇ ವೇಗ. ಸುಲಭ ಅನಿಸುತ್ತೆ ಅಲ್ವಾ? ಗಿಟಾರ್ ಇದ್ದರೆ ಎರಡು ನಿಮಿಷ ಹಾಗೆ ಬಾರಿಸಿ ನೋಡಿ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. 1976ರ ಮೊದಲ ಆಲ್ಬಮ್‌ಗೆ ಆದ ಖರ್ಚು ಸುಮಾರು 6,400 ಡಾಲರ್. 14 ಹಾಡು, ಅರ್ಧ ಗಂಟೆಯೂ ಇಲ್ಲ. ಆ ಜುಲೈನಲ್ಲಿ ಲಂಡನ್ನಿಗೆ ಹೋಗಿ ನುಡಿಸಿದರು. ಪಂಕ್, ಅಂದರೆ ಇಂಥದೇ ಒರಟು, ವೇಗದ ರಾಕ್‌ನ ಅಲ್ಲಿನ ಹುಡುಗರಿಗೆ ಹುಚ್ಚು ಹಿಡಿಯಿತು.

ಹೆಸರು ಬಂತು, ಹಣ ಬರಲಿಲ್ಲ. ಹಾಗಾಗಿ ಊರೂರು ತಿರುಗಲೇಬೇಕು, ಒಂದೇ ವ್ಯಾನಿನಲ್ಲಿ. 1978ರಲ್ಲಿ ಟಾಮಿ ಡ್ರಮ್ಸ್ ಬಿಟ್ಟ. 1980ರ ಹೊತ್ತಿಗೆ ದೊಡ್ಡ ಪೆಟ್ಟು ಬಿತ್ತು. ಜೋಯಿ ಪ್ರೀತಿಸಿದ ಹುಡುಗಿ ಜಾನಿಯ ಜೊತೆ ಹೋದಳು, ಮುಂದೆ ಅವನನ್ನೇ ಮದುವೆಯಾದಳು. ಜೋಯಿ, ಜಾನಿ ಮಾತು ಬಿಟ್ಟರು. ರಾಜಕೀಯದಲ್ಲೂ ಅವನದೊಂದು ದಿಕ್ಕು, ಇವನದೊಂದು ದಿಕ್ಕು. ಆದರೂ ಅದೇ ವ್ಯಾನು, ಅದೇ ವೇದಿಕೆ. ಒಟ್ಟು 22 ವರ್ಷದಲ್ಲಿ 2,263 ಶೋ. ವರ್ಷಕ್ಕೆ ನೂರಕ್ಕೂ ಜಾಸ್ತಿ!

[ದೃಶ್ಯ: ಬಲೆ ದಡಕ್ಕೆ ಬಂದಿದೆ. ಎರಡೂ ಗುಂಪು ಒಂದಾಗಿದೆ.]

ರಂಪಣಿಯಲ್ಲಿ ಬಲೆ ದಡ ಮುಟ್ಟುವಾಗ ಎರಡೂ ಕಡೆಯವರು ಅಕ್ಕಪಕ್ಕ ಬಂದು ನಿಲ್ಲುತ್ತಾರೆ. ಇವರಿಬ್ಬರು ಹಗ್ಗ ಬಿಡಲಿಲ್ಲ, ಹತ್ತಿರವೂ ಬರಲಿಲ್ಲ. ನನ್ನ ಪ್ರಕಾರ ರಮೋನ್ಸ್ ಒಡೆದದ್ದು ಆ 1980ರ ಆಸುಪಾಸಿನಲ್ಲೇ. 1996ರ ಆಗಸ್ಟ್ 6ರಂದು ಲಾಸ್ ಏಂಜಲೀಸ್‌ನಲ್ಲಿ ನಿಂತದ್ದು ಶೋ ಮಾತ್ರ.

2001ರಲ್ಲಿ ಜೋಯಿ ಕ್ಯಾನ್ಸರಿನಿಂದ ತೀರಿಕೊಂಡ. ಆಗಲೂ ಜಾನಿ ಒಂದು ಫೋನ್ ಮಾಡಿರಲಿಲ್ಲ. ಮರುವರ್ಷ ಡೀ ಡೀ ಹೋದ. 2004ರಲ್ಲಿ ಜಾನಿ, ಅವನಿಗೂ ಕ್ಯಾನ್ಸರ್. ಆ ಮೊದಲ ಆಲ್ಬಮ್ ಅಮೆರಿಕದಲ್ಲಿ ಐದು ಲಕ್ಷ ಪ್ರತಿ ಮುಟ್ಟಿ ಗೋಲ್ಡ್ ಅನಿಸಿಕೊಂಡದ್ದು 2014ರ ಏಪ್ರಿಲ್‌ನಲ್ಲಿ, 38 ವರ್ಷ ಕಳೆದ ಮೇಲೆ. ಆಗ ಉಳಿದಿದ್ದವನು ಟಾಮಿ ಒಬ್ಬನೇ. ಜುಲೈನಲ್ಲಿ ಅವನೂ ಹೋದ.

[ದೃಶ್ಯ: ಖಾಲಿ ದಡ. ಒಣಗಲು ಹಾಕಿದ ಬಲೆ.]