13 ಮಕ್ಕಳು, 7 ಕಲ್ಲು, 549 ರೂಪಾಯಿ

ವೀಕ್ಷಕರೆಲ್ಲರಿಗೂ ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಅರಸೀಕೆರೆ ಸೀಮೆಯ ನಮ್ಮ ತವರುಮನೆಯ ಹಿಂದಿನ ಕಣ. ರಾಗಿ ಒಕ್ಕಿ ಮುಗಿದು ತಿಂಗಳುಗಳೇ ಆಗಿರುವುದರಿಂದ ನೆಲ ಗಟ್ಟಿಯಾಗಿದೆ, ಮೂಲೆಯ ಹುಲ್ಲಿನ ಬಣವೆಯೊಂದನ್ನು ಬಿಟ್ಟರೆ ಅಡ್ಡಿ ಏನೂ ಇಲ್ಲ. ಬೇಸಿಗೆ ರಜೆಗೆ ಬಂದಿರುವ ನನ್ನ ಅಣ್ಣನ ಮತ್ತು ಅಕ್ಕಂದಿರ ಮಕ್ಕಳು, ಅವರ ಜೊತೆಗೆ ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಒಟ್ಟು 13 ಮಕ್ಕಳಿದ್ದಾರೆ. ಹಿರಿಯಳಿಗೆ 13 ವರ್ಷ, ಕಿರಿಯನಿಗೆ ಇನ್ನೂ ನಾಲ್ಕು. ಬಿಸಿಲು ಇಳಿಯುವವರೆಗೆ ಅವರನ್ನು ಜಗಲಿಯ ಮೇಲೆ ಚೌಕಾಬಾರದ ಮುಂದೆ ಕೂರಿಸಿದ್ದಾಯಿತು. ಈಗ ಗಂಟೆ ನಾಲ್ಕೂವರೆ, ಇನ್ನು ಅವರನ್ನು ಹಿಡಿದು ಕೂರಿಸುವುದು ನನ್ನಿಂದಾಗದು.

ನಾಲ್ಕು ವರ್ಷದವನಿಗೂ ಹದಿಮೂರು ವರ್ಷದವಳಿಗೂ ಒಟ್ಟಿಗೆ ಒಗ್ಗುವ ಆಟ ಯಾವುದು ಎಂದು ನಾನು ಬೆಳಗಿನಿಂದ ಯೋಚಿಸುತ್ತಿದ್ದೆ. ಕೊನೆಗೆ ಒಂದೇ ಅಳತೆಗೋಲನ್ನು ಇಟ್ಟುಕೊಂಡೆ. ಔಟಾದ ಮಗು ಮತ್ತೆ ಆಟಕ್ಕೆ ಬರುವ ಮುನ್ನ ಎಷ್ಟು ಹೊತ್ತು ಸುಮ್ಮನೆ ನಿಂತಿರಬೇಕಾಗುತ್ತದೆ ಎಂಬುದನ್ನು ಮಾತ್ರ ನೋಡುವುದು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗಂಟೆ ಆಟವಾಡಿದರೂ ಅದರಲ್ಲಿ ನಲವತ್ತು ನಿಮಿಷ ಬೇಲಿಗೆ ಒರಗಿ ನಿಂತಿದ್ದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಮೊದಲು ಆಡಿಸಿದ್ದು ಕೆರೆ-ದಡ. ಗೆರೆ ಎಳೆದದ್ದು, ಸಾಲಾಗಿ ನಿಂತದ್ದು ಎಲ್ಲವೂ ನಿಮಗೆ ಕಾಣುತ್ತಿದೆ, ವಿವರಿಸುವುದಿಲ್ಲ. ಹೇಳಬೇಕಾದದ್ದೇನೆಂದರೆ, ಈ ಆಟ ನನ್ನ ಅಳತೆಗೋಲಿನಲ್ಲಿ ನಿಲ್ಲುವುದೇ ಇಲ್ಲ. "ಕೆರೆ" ಎಂದಾಗ ಒಳಕ್ಕೆ, "ದಡ" ಎಂದಾಗ ಹೊರಕ್ಕೆ ಹಾರಬೇಕು, ತಪ್ಪಿದವರು ಔಟ್. ತಪ್ಪುವವರು ಯಾರು? ಯಾವಾಗಲೂ ಚಿಕ್ಕವರೇ. ಯಾರು ಇನ್ನಷ್ಟು ಹಾರಿ ಕಲಿಯಬೇಕೋ ಅವರನ್ನೇ ಮೊದಲು ಹೊರಗೆ ಕಳುಹಿಸುವ ಆಟವಿದು. ಚಿತ್ರೀಕರಿಸಿದ ದೃಶ್ಯವನ್ನು ಆಮೇಲೆ ನೋಡಿ ಲೆಕ್ಕ ಹಾಕಿದೆ: ಆರು ನಿಮಿಷದ ಆಟದಲ್ಲಿ ನಮ್ಮ ಐದು ವರ್ಷದವಳು ಹಾರಿದ್ದು ಮೂರೇ ಸಲ, ಉಳಿದಷ್ಟು ಹೊತ್ತೂ ಫ್ರಾಕಿನ ಅಂಚನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಆದ್ದರಿಂದ ಕೆರೆ-ದಡ ಕೆಲಸಕ್ಕೆ ಬಾರದ ಆಟ ಎಂದು ನಾನು ಕ್ಯಾಮೆರಾದ ಮುಂದೆಯೇ ಘೋಷಿಸಿದ್ದೆ. ಆ ತುಣುಕನ್ನು ಕತ್ತರಿಸಿ ಹಾಕಿದ್ದೇನೆ, ಏಕೆಂದರೆ ಹತ್ತೇ ನಿಮಿಷದಲ್ಲಿ ನನ್ನ ಮಾತು ಬದಲಾಯಿತು. ಅಕ್ಕನ ಎಂಟು ವರ್ಷದ ಮಗ ಬಂದು, "ಚಿಕ್ಕಮ್ಮ, ಔಟಾದೋರು ಮುಂದೆ ನಿಂತ್ಕೊಂಡು ಸುಳ್ಳು ಸುಳ್ಳೇ ಹಾರ್ಲಿ, ಅವರನ್ನ ನೋಡಿ ಉಳಿದೋರು ತಪ್ತಾರೆ" ಎಂದ. ಹಾಗೆಯೇ ಮಾಡಿದೆವು. ಔಟಾದವರೆಲ್ಲ ಎದುರು ನಿಂತು, "ದಡ" ಎಂದಾಗ ಬೇಕೆಂದೇ ಒಳಕ್ಕೆ ಹಾರುತ್ತ ಉಳಿದವರನ್ನು ದಾರಿ ತಪ್ಪಿಸತೊಡಗಿದರು. ಫ್ರಾಕು ಬಾಯಿಂದ ಹೊರಬಂತು. ಈಗ ಕೆರೆ-ದಡ ಒಳ್ಳೆಯ ಆಟವೇ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಈ ತಿದ್ದುಪಡಿಯೊಂದಿಗೆ ಮಾತ್ರ.

ಮುಂದಿನ ದೃಶ್ಯದಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಬಣವೆಯ ಹಿಂದೆ ಹೋಗುತ್ತಿರುವುದನ್ನು ನೋಡುತ್ತಿದ್ದೀರಿ. ತಂಡ ಹಂಚಿಕೊಳ್ಳುವ ನಮ್ಮ ಹಳೆಯ ಪದ್ಧತಿ ಇದು. ಸಮಬಲದ ಇಬ್ಬರು ಗುಟ್ಟಾಗಿ ಒಬ್ಬೊಬ್ಬರೊಂದು ಹೆಸರಿಟ್ಟುಕೊಂಡು ಬಂದು, ನಾಯಕರ ಮುಂದೆ ನಿಂತು, ಮಾವಿನ ಹಣ್ಣು ಬೇಕೋ ಹಲಸಿನ ಹಣ್ಣು ಬೇಕೋ ಎಂದು ಕೇಳುತ್ತಾರೆ; ನಾಯಕನು ಹಣ್ಣನ್ನು ಆರಿಸಿಕೊಳ್ಳುತ್ತಾನೆಯೇ ಹೊರತು ಹುಡುಗನನ್ನಲ್ಲ. ನಾನು ಓದಿದ ಶಾಲೆಯಲ್ಲಿ ನಾಯಕರು ಒಬ್ಬೊಬ್ಬರನ್ನೇ ಬೆರಳು ತೋರಿಸಿ ಆರಿಸುತ್ತಿದ್ದರು ಮತ್ತು ಪ್ರತಿ ಸಲವೂ ಕೊನೆಗೆ ಉಳಿಯುತ್ತಿದ್ದವಳು ನಾನು. ಯಾರಿಗೂ ತಾನು ಬೇಡವಾದವನೆಂಬ ಭಾವನೆ ಬರದಂತೆ ತಂಡ ಕಟ್ಟುವ ಈ ಉಪಾಯವನ್ನು ಕಂಡುಹಿಡಿದವರು ಯಾರೋ, ಅವರೂ ಬಹುಶಃ ನನ್ನಂತೆಯೇ ಕೊನೆಗೆ ಉಳಿಯುತ್ತಿದ್ದವರಿರಬೇಕು. ಆರು ಜೋಡಿಗಳು ಹಂಚಿಹೋದವು. ಉಳಿದವನು ನಾಲ್ಕು ವರ್ಷದವನು. ಅವನ ಬಗ್ಗೆ ಚರ್ಚೆಯೇ ಆಗಲಿಲ್ಲ; ಹಿರಿಯಳು ಅವನ ತಲೆಯ ಮೇಲೆ ಕೈಯಿಟ್ಟು, "ಇವ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದಳು. ಅವನು ಎರಡೂ ಕಡೆ ಆಡಬಹುದು, ಅವನನ್ನು ಯಾರೂ ಔಟ್ ಮಾಡುವಂತಿಲ್ಲ, ಅವನಿಂದ ಯಾರೂ ಔಟಾಗುವುದಿಲ್ಲ. ದೊಡ್ಡವರು ಈ ಮಾತನ್ನು ಬೈಗುಳದಂತೆ ಬಳಸುತ್ತಾರೆ. ಆದರೆ ಮಕ್ಕಳಲ್ಲಿ ಅದೊಂದು ಸ್ಥಾನ.

ಈಗ ಲಗೋರಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇಲ್ಲಿ ನನ್ನ 549 ರೂಪಾಯಿ ಹೋಗಿದೆ.

ಊರಿಗೆ ಹೊರಡುವ ಹಿಂದಿನ ದಿನ ಬೆಂಗಳೂರಿನ ಅಂಗಡಿಯೊಂದರಲ್ಲಿ ಈ ಪೆಟ್ಟಿಗೆಯನ್ನು ಕಂಡೆ. ನೋಡಿ, ಮುಚ್ಚಳದ ಮೇಲೆ ಪಂಚೆ ಉಟ್ಟು ನಗುತ್ತಿರುವ ಬಾಲಕನ ಚಿತ್ರವಿದೆ. ಒಳಗೆ ನಯವಾಗಿ ಕಡೆದು ಬಣ್ಣ ಬಳಿದ ಏಳು ಮರದ ಬಿಲ್ಲೆಗಳು, ಒಂದು ಸ್ಪಂಜಿನ ಚೆಂಡು, ತುಂಬಲು ಒಂದು ಬಟ್ಟೆಯ ಚೀಲ. ಊರಿನಲ್ಲಿ ಹೆಜ್ಜೆಗೊಂದು ಕಲ್ಲು ಸಿಗುವಾಗ ಕಲ್ಲಿನ ಬದಲಿಗೆ ಮರದ ಬಿಲ್ಲೆಯನ್ನು ಹಣ ಕೊಟ್ಟು ಒಯ್ಯುವುದು ಎಂಥ ಬುದ್ಧಿಯೆಂದು ನೀವು ಕೇಳಬಹುದು, ನನ್ನ ಅಮ್ಮನೂ ಇದನ್ನೇ ಕೇಳಿದರು. ಮಕ್ಕಳ ಕಾಲಿಗೆ ಕಲ್ಲು ಬೀಳಬಾರದು ಎಂಬ ಕಾಳಜಿಯಿಂದ ತಂದೆ ಎಂದು ಉತ್ತರಿಸಿದೆ. ನಿಜ ಹೇಳಬೇಕೆಂದರೆ, ಕ್ಯಾಮೆರಾದಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ ಎಂದು ತಂದದ್ದು.

ಮೊದಲ ಎಸೆತದಲ್ಲಿ ಚೆಂಡು ತಗುಲಿತು, ಬಿಲ್ಲೆಗಳು ಅಲುಗಿದವು, ಬೀಳಲಿಲ್ಲ, ಏಕೆಂದರೆ ಸ್ಪಂಜಿನ ಚೆಂಡಿಗೆ ತೂಕವೇ ಇಲ್ಲ. ನೆರೆಮನೆಯ ಹುಡುಗ ತನ್ನ ರಬ್ಬರ್ ಚೆಂಡನ್ನು ತಂದ. ಆಗ ಬಿದ್ದವು. ಬಿದ್ದದ್ದಷ್ಟೇ ಅಲ್ಲ, ಉರುಳಿದವು. ಇದನ್ನು ದಯವಿಟ್ಟು ಗಮನಿಸಿ, ಈ ದೃಶ್ಯವನ್ನು ನಿಧಾನಗತಿಯಲ್ಲಿ ಹಾಕಿದ್ದೇನೆ. ಕಡೆದ ಬಿಲ್ಲೆ ದುಂಡಗಿರುತ್ತದೆ. ದುಂಡಗಿರುವುದು ಅಂಚಿನ ಮೇಲೆ ನಿಂತರೆ ಚಕ್ರವಾಗುತ್ತದೆ. ಕೆಂಪು ಬಿಲ್ಲೆ ಕಣವನ್ನು ದಾಟಿ ಬಣವೆಯ ಕೆಳಗೆ ಹೋಯಿತು. ಹಳದಿಯದು ಬಚ್ಚಲ ನೀರು ತೆಂಗಿನ ಬುಡಕ್ಕೆ ಹರಿಯುವ ಕಾಲುವೆಗೆ ಬಿತ್ತು ಮತ್ತು ಮರಳಿ ಸಿಗಲಿಲ್ಲ. ಜೋಡಿಸಬೇಕಾದ ತಂಡ ಕಣದ ತುಂಬ ಬಿಲ್ಲೆ ಹುಡುಕುತ್ತಿದ್ದರೆ, ಚೆಂಡು ಹಿಡಿದ ತಂಡದವರು ಹೊಡೆಯುವುದಕ್ಕೂ ಮನಸ್ಸು ಬಾರದೆ ತಾವೂ ಹುಡುಕಲು ನಿಂತರು. ಸಿಕ್ಕ ಆರನ್ನು ಒಂದರ ಮೇಲೊಂದು ಇಡಲು ಹೋದರೆ ಬಣ್ಣದ ನುಣುಪಿಗೆ ಅವು ಜಾರುತ್ತವೆ, ಒಂದನ್ನು ಇಡುವಾಗ ಕೆಳಗಿನದು ಸರಿಯುತ್ತದೆ. ಸಂಜೆ ಅಂಗಡಿಗೆ ಫೋನ್ ಮಾಡಿದೆ. ಪೆಟ್ಟಿಗೆ ಒಡೆದ ಮೇಲೆ ವಾಪಸ್ಸು ತೆಗೆದುಕೊಳ್ಳುವುದಿಲ್ಲವಂತೆ. ಪೆಟ್ಟಿಗೆಯನ್ನು ಒಡೆಯದೆ ಲಗೋರಿ ಆಡುವುದು ಹೇಗೆಂದು ಕೇಳಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ.

ಅಮ್ಮ ಏನೂ ಅನ್ನಲಿಲ್ಲ. ಕೊಟ್ಟಿಗೆಯ ಹಿಂದೆ ಗುಡ್ಡೆ ಹಾಕಿದ್ದ ಚಪ್ಪಡಿಯ ಚೂರುಗಳತ್ತ ಕೈ ತೋರಿಸಿ ಒಳಗೆ ಹೋದರು.

ಮಕ್ಕಳು ಕಲ್ಲು ಆರಿಸುವುದನ್ನು ನೋಡುವುದೇ ಒಂದು ಸಂತೋಷ. ತಳಕ್ಕೆ ದೊಡ್ಡವರ ಅಂಗೈಯಗಲದ್ದು, ಮೇಲೆ ಹೋದಂತೆ ಚಿಕ್ಕದಾಗುತ್ತ ತುದಿಗೆ ಬೆಲ್ಲದ ಚೂರಿನಷ್ಟು. ಹಿರಿಯಳು ಒಂದೊಂದನ್ನೂ ನೆಲಕ್ಕೆ ಒತ್ತಿ, ತಿರುಗಿಸಿ, ಎರಡೂ ಮೈ ಚಪ್ಪಟೆಯಾಗಿದೆಯೇ ಎಂದು ಪರೀಕ್ಷಿಸುತ್ತಾಳೆ. ಉಬ್ಬಿದ ಕಲ್ಲನ್ನು ಎಸೆಯುತ್ತಾಳೆ. ಒರಟು ಕಲ್ಲು ಒರಟು ಕಲ್ಲನ್ನು ಹಿಡಿದುಕೊಳ್ಳುತ್ತದೆ, ಚೆಂಡು ಬಡಿದಾಗ ಎರಡು ಮಾರಿನೊಳಗೆ ಚೆದುರಿ ಬಿದ್ದು ಅಲ್ಲಿಯೇ ನಿಲ್ಲುತ್ತದೆ. ತೆಲುಗಿನಲ್ಲಿ ಇದೇ ಆಟಕ್ಕೆ ಏಡು ಪೆಂಕುಲಾಟ ಎನ್ನುತ್ತಾರೆ, ಪೆಂಕು ಎಂದರೆ ಹೆಂಚಿನ ಚೂರು. ಅವರೂ ಒಡೆದು ಬಿದ್ದದ್ದನ್ನೇ ಆಯ್ದುಕೊಂಡರು, ಕಡೆದದ್ದನ್ನಲ್ಲ.

ನಿಯಮಗಳು ನಿಮಗೆ ತಿಳಿದೇ ಇವೆ, ಆದ್ದರಿಂದ ನನ್ನ ಅಳತೆಗೋಲಿಗೆ ಸಂಬಂಧಿಸಿದ ಎರಡನ್ನು ಮಾತ್ರ ಹೇಳುತ್ತೇನೆ. ಕಲ್ಲನ್ನು ಕೆಡವಿದ ಮೇಲೆ ಎದುರು ತಂಡದವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿಲ್ಲ, ತಮ್ಮವರಿಗೆ ಎಸೆಯಬೇಕು. ಈ ಒಂದು ಕಟ್ಟುಪಾಡು ಇಲ್ಲದಿದ್ದರೆ ಬಲಶಾಲಿಯೊಬ್ಬನೇ ಓಡಿ ಎಲ್ಲರನ್ನೂ ಹೊಡೆದು ಮುಗಿಸುತ್ತಿದ್ದ. ಅದು ಇರುವುದರಿಂದ ಕಣದ ಮೂಲೆಯಲ್ಲಿರುವ ಏಳು ವರ್ಷದವನ ಕೈಗೂ ಚೆಂಡು ಬರಲೇಬೇಕಾಗುತ್ತದೆ. ಇನ್ನೊಂದು, ಹೊಡೆತ ಸೊಂಟದ ಕೆಳಗೇ ಬೀಳಬೇಕು ಎಂಬುದು. ಇದು ನಾನು ಹೇರಿದ್ದು, ಏಕೆಂದರೆ ರಬ್ಬರ್ ಚೆಂಡಿನ ಪೆಟ್ಟಿನ ಉರಿ ನನಗಿನ್ನೂ ನೆನಪಿದೆ. ಏಳನೆಯ ಕಲ್ಲಿಟ್ಟು "ಲಗೋರಿ" ಎಂದು ಕೂಗುವವರೆಗೆ ಒಂದು ಸುತ್ತಿಗೆ ಎರಡು ಮೂರು ನಿಮಿಷವೂ ಆಗಲಿಲ್ಲ, ಆದ್ದರಿಂದ ಔಟಾದವರು ನಿಟ್ಟುಸಿರು ಬಿಡುವಷ್ಟರಲ್ಲಿ ಹೊಸ ಸುತ್ತು ಶುರುವಾಗಿತ್ತು. ನಾಲ್ಕು ವರ್ಷದವನು ಎರಡೂ ತಂಡಗಳ ಪರವಾಗಿ ಕಲ್ಲು ಜೋಡಿಸಿ, ಎರಡೂ ತಂಡಗಳ ಪರವಾಗಿ ಅದನ್ನು ಒದ್ದು ಕೆಡವಿದನು.

ಚಿನ್ನಿದಾಂಡು ಆಡಿಸಿ ಎಂದು ಗಂಡುಹುಡುಗರು ಪೀಡಿಸಿದರು. ಇಷ್ಟು ಚಿಕ್ಕ ಮಕ್ಕಳು ಸುತ್ತ ನಿಂತಿರುವಾಗ ಎರಡೂ ತುದಿ ಮೊನಚಾದ ಚಿನ್ನಿ ಗಾಳಿಯಲ್ಲಿ ಹಾರುವುದನ್ನು ನಾನು ಒಪ್ಪುವುದಿಲ್ಲ. ಮಾತು ಮುಗಿಯಿತು.

ಕಬಡ್ಡಿಯ ವಿಷಯದಲ್ಲಿ ಮಾತ್ರ ಮನಸ್ಸು ಎರಡಾಗಿದೆ. ಔಟಾದವನನ್ನು ಮರಳಿ ಜೀವಕ್ಕೆ ತರುವ ನಿಯಮ ಅದರಷ್ಟು ಚೆನ್ನಾಗಿ ಬೇರಾವ ಆಟದಲ್ಲೂ ಇಲ್ಲ: ಎದುರಾಳಿಗಳಲ್ಲಿ ಎಷ್ಟು ಜನರನ್ನು ಔಟ್ ಮಾಡುತ್ತೇವೆಯೋ ನಮ್ಮವರಲ್ಲಿ ಅಷ್ಟು ಜನ ಎದ್ದು ಒಳಗೆ ಬರುತ್ತಾರೆ. ಹೊರಗೆ ಕುಳಿತ ಮಗು ಮುಖ ಸಪ್ಪಗೆ ಮಾಡಿಕೊಳ್ಳುವ ಬದಲು ತನ್ನ ತಂಡದ ಉಸಿರಿನ ಜೊತೆ ಉಸಿರು ಹಿಡಿಯುತ್ತದೆ. ಆದರೆ 13 ವರ್ಷದವಳ ಕಾಲನ್ನು ಏಳು ವರ್ಷದವನು ಹಿಡಿದರೆ ಅವಳು ಅವನನ್ನು ಗೆರೆಯವರೆಗೆ ಎಳೆದುಕೊಂಡು ಹೋಗುತ್ತಾಳೆ, ಅವನ ಮೊಣಕೈಯ ಚರ್ಮ ಕಣದಲ್ಲಿ ಉಳಿಯುತ್ತದೆ. ಸಮವಯಸ್ಕರಿಗಾದರೆ ಕಬಡ್ಡಿ, ಇಲ್ಲಿ ಬೇಡ ಎಂದು ತೀರ್ಮಾನಿಸಿದೆ.

ಹಾಗಾಗಿ ಖೋ ಖೋ. ಶಾಲೆಯ ದಿನಗಳಲ್ಲಿ ನನಗೆ ಇದರಷ್ಟು ಬೇಸರದ ಆಟ ಬೇರೊಂದಿರಲಿಲ್ಲ, ಕುಕ್ಕರುಗಾಲಿನಲ್ಲಿ ಕುಳಿತು ಕಾಲು ಜೋಮು ಹಿಡಿಯುವುದೇ ಆಟವೇ ಎಂದು ಗೊಣಗುತ್ತಿದ್ದೆ. ಈಗ ನನ್ನ ಅಳತೆಗೋಲನ್ನು ಹಿಡಿದು ನೋಡಿದರೆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಪೂರ್ಣ ಪ್ರಮಾಣದ ಆಟದಲ್ಲಿ ಅಂಕಣದ ಮೇಲೆ ಒಂಬತ್ತು ಜನ; ಎಂಟು ಜನ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಅಟ್ಟುವವರು ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬದ ತನಕ ಹಿಂತಿರುಗುವಂತಿಲ್ಲ, ಕುಳಿತವರ ಸಾಲನ್ನು ದಾಟುವಂತಿಲ್ಲ. ಓಡುವವರಾದರೋ ಎಲ್ಲಿ ಬೇಕಾದರೂ ನುಸುಳಬಹುದು. ಆದ್ದರಿಂದ ಬೆನ್ನು ತಟ್ಟಿ "ಖೋ" ಎನ್ನದೆ ಗತಿಯಿಲ್ಲ. ಕುಳಿತಿರುವುದು ನಿಜ, ಆದರೆ ಸುಮ್ಮನೆ ಕುಳಿತಿಲ್ಲ. ಮುಂದಿನ ಕ್ಷಣ ಬೆನ್ನ ಮೇಲೆ ಯಾರ ಕೈ ಬೀಳುತ್ತದೋ ಎಂದು ಮೈಯೆಲ್ಲ ಕಿವಿಯಾಗಿರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದವು. ಆ ವಿಷಯವನ್ನು ಹೇಳಿದಾಗಿನಿಂದ ನಮ್ಮ ಹಿರಿಯಳು ಕುಕ್ಕರುಗಾಲಿನಲ್ಲಿ ಕೂರುವ ಗತ್ತೇ ಬೇರೆಯಾಗಿದೆ.

ನಮ್ಮಲ್ಲಿ ತಂಡಕ್ಕೆ ಆರು ಜನ, ಹಾಗಾಗಿ ಐದು ಜನ ಕೂತು ಒಬ್ಬರು ಅಟ್ಟಿದರು. ಒಂದು ಕಂಬ ತೆಂಗಿನ ಮರ, ಇನ್ನೊಂದು ಬೇಲಿಯ ಗೂಟ. ಕೂರುವ ಜಾಗವನ್ನು ಗುರುತಿಸಲು ಏನನ್ನು ಇಟ್ಟೆವು ಎಂಬುದು ನಿಮಗೆ ಕಾಣುತ್ತಿದೆಯಲ್ಲವೇ? ಹೌದು, 549 ರೂಪಾಯಿಯ ಬಿಲ್ಲೆಗಳು. ನೆಲದ ಮೇಲೆ ಮಲಗಿಸಿದರೆ ಅವು ಉರುಳುವುದಿಲ್ಲ, ಬಣ್ಣವೂ ದೂರಕ್ಕೆ ಕಾಣುತ್ತದೆ. ಹಣ ಪೂರ್ತಿ ಹಾಳಾಯಿತೆಂದು ಮೇಲೆ ಅಂದಿದ್ದರೆ ಅರ್ಧವನ್ನು ಹಿಂತೆಗೆದುಕೊಳ್ಳುತ್ತೇನೆ. ಐದು ಬಿಲ್ಲೆಗಳು ಬಳಕೆಯಾಗಿ ಒಂದು ಉಳಿಯಿತು, ಅದನ್ನು ನಾಲ್ಕು ವರ್ಷದವನು ಸಾಲಿನ ಕೊನೆಗೆ ಒಯ್ದಿಟ್ಟು ಅದರ ಮೇಲೆಯೇ ಕುಳಿತ. ಎರಡು ಸಲ ಎಲ್ಲರೂ ಅವನನ್ನು ದಾಟಿ ಹೋದರು. ಮೂರನೆಯ ಸಲ ಅಕ್ಕನ ಮಗ ಬಾಗಿ ಅವನ ಬೆನ್ನಿಗೆ "ಖೋ" ಎಂದ. ಅವನು ಎದ್ದು, ತಪ್ಪು ದಿಕ್ಕಿಗೆ, ಬೇಲಿಯನ್ನೂ ದಾಟಿ, ತೋಟದೊಳಕ್ಕೆ ಓಡಿದ. ಓಡುವ ತಂಡದ ಮೂವರೂ ತಾವಾಗಿಯೇ ಅವನ ಹಿಂದೆ ಓಡಿದರು, ಅವನನ್ನು ಹಿಡಿದು ತರಲು. ಅಂಕ ಯಾರಿಗೆಂದು ಇನ್ನೂ ಇತ್ಯರ್ಥವಾಗಿಲ್ಲ.

ಬೆಳಕು ಕಡಿಮೆಯಾಗಿರುವುದರಿಂದ ಈ ಕೊನೆಯ ದೃಶ್ಯ ಮಸುಕಾಗಿದೆ, ಕ್ಷಮಿಸಿ. ಅಮ್ಮ ಒಳಗಿನಿಂದ, "ಕೈಕಾಲು ತೊಳ್ಕೊಂಡು ಬನ್ರೋ" ಎಂದು ಮೂರನೆಯ ಸಲ ಕರೆದರು. ಇನ್ನೊಂದೇ ಒಂದು ಲಗೋರಿ ಎಂದು ಮಕ್ಕಳು ಗೋಗರೆದಾಗ ನಾನೂ ಒಪ್ಪಿದೆ. ಎಸೆದವನು ಅಣ್ಣನ ಮಗ. ಚೆಂಡು ಕಲ್ಲಿಗೆ ತಗುಲಲಿಲ್ಲ. ಕಣದಲ್ಲಿ ಒಂದು ಪುಟ ಪುಟಿದು, ಕೊಟ್ಟಿಗೆಯ ಹೆಂಚಿನ ಮೇಲೆ ಟಕ್ ಟಕ್ ಎಂದು ಹತ್ತಿ, ಎರಡು ಮಾಡು ಕೂಡುವ ಸಂದಿನಲ್ಲಿ ಕುಳಿತಿತು. ಗಳ ಹಾಕಿ ನೋಡಿದರು, ಎಟುಕಲಿಲ್ಲ. ಏಣಿ ಪಕ್ಕದ ಮನೆಯಲ್ಲಿದೆ, ಅವರು ಮದುವೆಗೆ ಹೋಗಿದ್ದಾರೆ, ಬರುವುದು ನಾಳೆ. ಸ್ಪಂಜಿನ ಚೆಂಡು ಇದೆಯಲ್ಲ ಎಂದು ನಾನು ಹೇಳಿ ನೋಡಿದೆ. ಹದಿಮೂರು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.