ಡೈನೋ ಗ್ರಾಫಿನ ಆ ನಂಬರು

ಕೇಳುಗರೇ, ನಮಸ್ಕಾರ.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾರ್ ರ‍್ಯಾಲಿ ನಡೆದರೆ ನಮ್ಮ ಹುಡುಗರಿಗೆ ಹಬ್ಬ. ಅದನ್ನು ನೋಡಿ ಬಂದವರಲ್ಲಿ ಕೆಲವರು ತಮ್ಮ ಗಾಡಿಯನ್ನೂ ಟ್ಯೂನ್ ಮಾಡಿಸುತ್ತಾರೆ. ಆಮೇಲೆ ಡೈನೋ, ಅಂದ್ರೆ ಗಾಡಿಯ ಶಕ್ತಿ ಅಳೆಯುವ ಯಂತ್ರ, ಕೊಟ್ಟ ಗ್ರಾಫ್ ಹಿಡಿದುಕೊಂಡು ‘ನಂದು ಇಷ್ಟು ಹಾರ್ಸ್‌ಪವರ್’ ಅಂತ ಜಂಬ. ಆ ನಂಬರನ್ನು ಎಷ್ಟು ನಂಬಬಹುದು?

ಡೈನೋದಲ್ಲಿ ಗಾಡಿಯ ಚಕ್ರ ಒಂದು ಭಾರದ ಉರುಳೆಯನ್ನು ತಿರುಗಿಸುತ್ತದೆ. ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಅನ್ನೋದರ ಮೇಲೆ ಲೆಕ್ಕ. ಕೆಲವು ಯಂತ್ರಗಳು ಉರುಳೆಗೆ ಬ್ರೇಕ್ ಕೊಟ್ಟು ಟಾರ್ಕ್, ಅಂದ್ರೆ ತಿರುಗಿಸುವ ಬಲ, ಅಳೆಯುತ್ತವೆ. ನ್ಯೂಟನ್-ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದರಿಂದ, ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ.

ಕಂಪನಿ ಹೇಳೋದು ಎಂಜಿನ್ನಿನ ಶಕ್ತಿ, ಉರುಳೆ ಅಳೆಯೋದು ಚಕ್ರಕ್ಕೆ ತಲುಪಿದ್ದು. ನಡುವೆ ಗೇರ್‌ಬಾಕ್ಸು, ಟೈರು ಒಂದಿಷ್ಟು ತಿಂದುಹಾಕುತ್ತವೆ. ಎಲ್ಲ ಗಾಡಿಗೂ ಕಣ್ಣುಮುಚ್ಚಿ ಶೇಕಡಾ 15 ಸೇರಿಸುವವರಿದ್ದಾರೆ. ನನಗಂತೂ ಅದು ಸುಮ್ನೆ ಅಂದಾಜು. ಗಾಡಿ ಕಟ್ಟುವ ಬೆಲ್ಟನ್ನು ಇನ್ನೊಂದು ಸುತ್ತು ಬಿಗಿದರೆ ಟೈರು ಉರುಳೆಗೆ ಜಾಸ್ತಿ ಒತ್ತಿ, ನಂಬರು ಇಳಿಯುತ್ತದೆ. ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೂ ಅಷ್ಟೇ.

ಆದರೆ ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಗಾಳಿಯನ್ನು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಎತ್ತರ. ಹಾಸನ, ಬೆಂಗಳೂರು 900 ದಾಟಿವೆ. ಇಲ್ಲಿ ಗಾಳಿ ತೆಳು. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನು 100 ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ಸರಿದೂಗಿಸಲು ಯಂತ್ರದ ಕಂಪ್ಯೂಟರು ಒಂದು ತಿದ್ದುಪಡಿ ಹಾಕುತ್ತದೆ, ಅಂದ್ರೆ ಗೊತ್ತುಮಾಡಿದ ಒಂದು ಗಾಳಿಯಲ್ಲಿ ಓಡಿದ್ದರೆ ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕುತ್ತದೆ. ಎಸ್‌ಎಇ ಅನ್ನೋ ಅಮೆರಿಕದ ಮಾನದಂಡದ ಲೆಕ್ಕದಲ್ಲಿ ಆ ಗಾಳಿ 25 ಡಿಗ್ರಿ ಶಾಖ, 990 ಮಿಲಿಬಾರ್ ಒಣಗಾಳಿಯ ಒತ್ತಡ. ಜರ್ಮನಿಯ ಹಳೆಯ ಡಿನ್ ಮಾನದಂಡದ ಲೆಕ್ಕದಲ್ಲಿ 20 ಡಿಗ್ರಿ, 1013 ಮಿಲಿಬಾರ್. ಅದೇ ಗಾಡಿ, ಅದೇ ಓಟ, ಆದರೂ ಡಿನ್ ಹಾಕಿದರೆ ನಂಬರು ಶೇಕಡಾ 3ರಷ್ಟು ದೊಡ್ಡದು! ಕಾಫಿ ಮಾರುವಾಗ ತೇವಾಂಶ ಕೇಳದೆ ಬರೀ ತೂಕ ನೋಡ್ತೀವಾ? ಇದೂ ಹಾಗೇ ಅಲ್ವಾ.

ಚಿಕ್ಕಮಗಳೂರಿನ ಎತ್ತರದಲ್ಲಿ ಚಕ್ರದಲ್ಲಿ 60 ಹಾರ್ಸ್‌ಪವರ್ ಸಿಕ್ಕಿದ್ದು ತಿದ್ದುಪಡಿಯಾಗಿ 68ರ ಆಸುಪಾಸು ಬರುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಾಗ ನಿಮ್ಮ ಕಾಲಡಿ ಇರೋದು 68 ಅಲ್ಲ. ಶಾಖ ಅಳೆಯುವ ಸೆನ್ಸರನ್ನು ಬಿಸಿ ಎಂಜಿನ್ನಿನ ಪಕ್ಕ ಇಟ್ಟರೆ ಇನ್ನೂ ಮಜಾ. ಅದು 10 ಡಿಗ್ರಿ ಜಾಸ್ತಿ ತೋರಿಸಿದರೆ, ನೂರಕ್ಕೆ ಎರಡು ಹಾರ್ಸ್‌ಪವರ್ ಪುಕ್ಕಟೆ.

ಟರ್ಬೊ ಗಾಡಿಗಳ ಕಥೆ ಬೇರೆ. ತೆಳು ಗಾಳಿಯ ಕೊರತೆಯನ್ನು ಟರ್ಬೊ ತಾನೇ ಬಹಳಷ್ಟು ತುಂಬಿಕೊಳ್ಳುತ್ತದೆ. ಅದರ ಮೇಲೆ ಮತ್ತೆ ಪೂರ್ತಿ ತಿದ್ದುಪಡಿ ಹಾಕಿದರೆ ಇಲ್ಲದ ಶಕ್ತಿ ಗ್ರಾಫಿನಲ್ಲಿ ಕಾಣುತ್ತದೆ. ಹಾಗಾಗಿ ಟರ್ಬೊ ಡೀಸೆಲ್ ಜೀಪು ಇರುವವರು ತಿದ್ದುಪಡಿ ಇಲ್ಲದ ಗೆರೆಯನ್ನೂ ಕೇಳಿ ಪಡೆಯಿರಿ. ಟ್ಯೂನ್ ಮಾಡುವ ಮೊದಲು ಒಮ್ಮೆ, ಆದಮೇಲೆ ಒಮ್ಮೆ, ಅದೇ ಯಂತ್ರದಲ್ಲಿ, ಅದೇ ಗೇರಿನಲ್ಲಿ, ಅದೇ ದಿನ ಓಡಿಸಿ. ಆ ಎರಡರ ವ್ಯತ್ಯಾಸಕ್ಕೆ ದುಡ್ಡು ಕೊಡಿ. ನಮಸ್ಕಾರ.