ನೀರಿಗೆ ಕಾಯುವ ಓದುಗಿ

ಕೇಳುಗರಿಗೆ ನಮಸ್ಕಾರ.

‘ಕೆರೆಗೆ ಹಾರ’ ಕಥನಗೀತೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯವರಿಗೆ ಹೊಸದೇನಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಹಾರ, ಎಂದರೆ ಬಲಿ, ಕೊಟ್ಟರು, ಕೆರೆ ತುಂಬಿತು. ಪ್ಯಾಟ್ರೊಸಿನಿಯೊ ಶ್ವೈಕಾರ್ಟ್ ಎಂಬ ವಿಮರ್ಶಕಿ ಓದಿನ ಬಗ್ಗೆ ಹೇಳಿದ್ದನ್ನು ಇವತ್ತು ಈ ಹಾಡನ್ನು ಮುಂದಿಟ್ಟುಕೊಂಡು ನೋಡೋಣ. ಅವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಹೆಸರು ನಾಲಿಗೆಗೆ ತೊಡಕು, ವಿಚಾರ ಅಷ್ಟು ತೊಡಕಿನದಲ್ಲ.

ಕೃತಿಯ ಅರ್ಥ ಪುಟದ ಮೇಲೆ ಸಿದ್ಧವಾಗಿ ಕೂತಿರುವುದಿಲ್ಲ, ಓದುವವರ ಪಾಲೂ ಅದರಲ್ಲಿ ಸೇರಿರುತ್ತದೆ ಎಂದು ವೂಲ್ಫ್‌ಗ್ಯಾಂಗ್ ಈಸರ್, ಸ್ಟ್ಯಾನ್ಲಿ ಫಿಶ್ ಮೊದಲಾದ ವಿಮರ್ಶಕರು 1970ರ ದಶಕದಲ್ಲಿ ವಾದಿಸುತ್ತಿದ್ದರು. ಆದರೆ ಈ ಓದುವವರು ಯಾರು? ಹೆಣ್ಣೋ ಗಂಡೋ, ಕರಿಯರೋ ಬಿಳಿಯರೋ, ಉಳ್ಳವರೋ ಇಲ್ಲದವರೋ ಎಂಬ ಪ್ರಶ್ನೆಗೆ ಆ ಸಿದ್ಧಾಂತಗಳಲ್ಲಿ ಜಾಗವೇ ಇರಲಿಲ್ಲ. ಸ್ತ್ರೀವಾದಿ ವಿಮರ್ಶಕಿ ಜೂಡಿತ್ ಫೆಟ್ಟರ್ಲಿ 1978ರಲ್ಲಿ ಅಮೆರಿಕದ ಕಥನ ಸಾಹಿತ್ಯವನ್ನು ಪರೀಕ್ಷಿಸಿ, ಇಂಥ ಕೃತಿಗಳು ಹೆಣ್ಣನ್ನೂ ಗಂಡಿನ ಕಣ್ಣಿಂದಲೇ ನೋಡುವಂತೆ ಪಳಗಿಸುತ್ತವೆ, ಓದುಗಿ ಇದಕ್ಕೆ ಪ್ರತಿರೋಧ ಒಡ್ಡಬೇಕು ಎಂದರು. ಶ್ವೈಕಾರ್ಟ್ ಈ ಎರಡು ಧಾರೆಗಳನ್ನು ಒಂದೆಡೆ ತಂದರು. ಎಲಿಜಬೆತ್ ಫ್ಲಿನ್ ಜೊತೆ ಸಂಪಾದಿಸಿದ ಸಂಕಲನ 1986ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂತು. ಸ್ತ್ರೀವಾದಿ ಓದಿನ ಸಿದ್ಧಾಂತದ ಕುರಿತ ಅವರ ಹೆಸರಾಂತ ಪ್ರಬಂಧ ಅದರಲ್ಲಿದೆ.

ಈಗ ಹಾಡಿಗೆ ಬರೋಣ. ಭಾಗೀರಥಿ ಒಂದೊಂದೇ ಮೆಟ್ಟಿಲು ಏರುತ್ತಾಳೆ, ಗಂಗೆ ಅವಳ ಹಿಂದೆಯೇ ಏರುತ್ತಾಳೆ. ಪಾದ, ಮೊಣಕಾಲು, ನಡು, ಐದನೆಯ ಮೆಟ್ಟಿಲಿಗೆ ಕೆರೆ ತುಂಬುತ್ತದೆ. ಅದನ್ನು ಕೇಳುವಾಗ ನಮ್ಮೊಳಗೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಎಣಿಕೆಯ ಲಯ ನಮ್ಮನ್ನು ಮುಂದಿನ ಮೆಟ್ಟಿಲಿಗೆ ಎಳೆಯುತ್ತದೆ. ನೀರು ಇನ್ನೂ ಏರಲಿ ಎಂದು ಕಾಯುತ್ತೇವೆ, ಹೆಂಗಸರೂ ಕಾಯುತ್ತಾರೆ. ಗೌಡನ ಆಸೆ ಕೇಳುವವಳ ಆಸೆಯೂ ಆಯಿತು. ಫೆಟ್ಟರ್ಲಿ ಹೇಳುವ ಪಳಗಿಸುವಿಕೆ ನಡೆಯುವುದು ಇಂಥ ಕಡೆ. ಲಯದಲ್ಲಿ, ಉಪದೇಶದ ಸಾಲುಗಳಲ್ಲಲ್ಲ.

ಬಹಳಷ್ಟು ಸೆಮಿನಾರು ಪ್ರಬಂಧಗಳು ಇಲ್ಲಿಗೇ ಮುಗಿದುಬಿಡುತ್ತವೆ. ‘ಇದು ಪುರುಷಪ್ರಧಾನ ಪಠ್ಯ’ ಎಂದು ಮುದ್ರೆ ಒತ್ತಿ ಪೆನ್ನು ಕೆಳಗಿಡುತ್ತಾರೆ. ಶ್ವೈಕಾರ್ಟ್ ಮುಂದಿನ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಇಷ್ಟೆಲ್ಲ ತಿಳಿದ ಮೇಲೂ ಈ ಪಠ್ಯ ನಮ್ಮನ್ನು ಯಾಕೆ ಹಿಡಿದಿಡುತ್ತದೆ? ಅವರ ಉತ್ತರ: ಇಂಥ ಕೃತಿಗಳು ಮನುಷ್ಯರ ನಿಜವಾದ ಹಂಬಲವೊಂದನ್ನು ತಟ್ಟಿ ಎಬ್ಬಿಸುತ್ತವೆ, ಆಮೇಲೆ ಅದನ್ನು ಯಜಮಾನಿಕೆಯ ನೊಗಕ್ಕೆ ಕಟ್ಟುತ್ತವೆ. ಮಳೆಗಾಲ ಕೈಕೊಟ್ಟ ವರ್ಷ ಕುಷ್ಟಗಿಯಲ್ಲೋ ಲಿಂಗಸುಗೂರಿನಲ್ಲೋ ನಿಂತು ನೀರಿನ ಆಸೆ ಸುಳ್ಳು ಎನ್ನಲಾದೀತೆ? ಆಸೆ ನಿಜ. ಅದಕ್ಕೆ ಸೊಸೆಯ ಜೀವವೇ ಬೆಲೆ ಎಂಬ ಲೆಕ್ಕ ಮೋಸದ್ದು. ಇವೆರಡನ್ನು ಬಿಡಿಸಿ ಇಡುವುದು ವಿಮರ್ಶೆಯ ಕೆಲಸ. ಬಿಡಿಸದೆ ಇಡೀ ಹಾಡನ್ನೇ ಎಸೆದರೆ ನೀರಿನ ಹಂಬಲವೂ ಜೊತೆಗೇ ಹೋಗುತ್ತದೆ; ಬಿಡಿಸದೆ ಹೊಗಳಿದರೆ ಭಾಗೀರಥಿ ತ್ಯಾಗಮಯಿ ಎಂಬ ಸಮಾರಂಭದ ಮಾತಾಗುತ್ತದೆ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಅದಕ್ಕೆ ಚಪ್ಪಾಳೆ ಸಿಗುತ್ತದೆ.

ಲೆಕ್ಕ ಮಾಡಿದವರು ಯಾರು ಎಂಬುದನ್ನೂ ಹಾಡು ಮುಚ್ಚಿಡುವುದಿಲ್ಲ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರೂ ಇರುವುದಿಲ್ಲ, ಆದ್ದರಿಂದ ಕಿರಿಯವಳು. ಮನೆತನದ ಆಡಳಿತದ ತರ್ಕ ಅಷ್ಟೇ.

ಅನುಮಾನದ ಓದು ಒಂದು ಕೈಯಾದರೆ, ಹೆಣ್ಣಿನ ದನಿಯನ್ನು ಹುಡುಕಿ ಅದರೊಡನೆ ನಂಟು ಬೆಸೆಯುವ ಓದು ಇನ್ನೊಂದು. ಇದಕ್ಕೆ ಶ್ವೈಕಾರ್ಟ್ ಮಾದರಿಯಾಗಿ ತೋರಿಸಿದ್ದು, ಏಡ್ರಿಯನ್ ರಿಚ್ ಎಂಬ ಕವಯಿತ್ರಿ ತನಗಿಂತ ಹಿಂದಿನ ಕವಯಿತ್ರಿ ಎಮಿಲಿ ಡಿಕಿನ್ಸನ್‌ಳನ್ನು ಓದಿದ ಬಗೆಯನ್ನು. ರಿಚ್ ಆಮ್‌ಹರ್ಸ್ಟ್‌ನಲ್ಲಿರುವ ಡಿಕಿನ್ಸನ್ ಮನೆಗೆ ಹೋಗುತ್ತಾರೆ, ಅವಳ ಪರ ಸಾಕ್ಷಿ ನುಡಿಯುತ್ತಾರೆ. ಆದರೆ ತನ್ನನ್ನು ಕಿಟಕಿಯ ಜಾಲರಿಗೆ ಮುತ್ತುವ ಹುಳುವಿಗೆ ಹೋಲಿಸಿಕೊಂಡು, ತಾನಿರುವುದು ಹೊರಗೆ ಎಂಬುದನ್ನೂ ಮರೆಯುವುದಿಲ್ಲ. ಈ ಎಚ್ಚರ ತಪ್ಪಿದರೆ ಭಾಗೀರಥಿಯ ಬಾಯಲ್ಲಿ ನಮ್ಮ ಭಾಷಣ ತುರುಕುತ್ತೇವೆ. ತಪ್ಪದಿರಲು ಸುಲಭದ ಉಪಾಯವೊಂದಿದೆ. ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಹಾಡಿನ ಸಾಲು, ಬಲಕ್ಕೆ ಅದಕ್ಕೆ ನಾವು ಸೇರಿಸಿದ ಅರ್ಥ ಬರೆಯಬೇಕು. ಎಡಗಡೆ ಆಧಾರವಿಲ್ಲದ ಅರ್ಥ ನಮ್ಮದೇ. ಅದನ್ನು ಇಟ್ಟುಕೊಳ್ಳಬಹುದು, ಅವಳದೆಂದು ಹೇಳುವಂತಿಲ್ಲ.

ಶ್ವೈಕಾರ್ಟ್ ಮುಂದೆ ಫ್ಲಿನ್ ಜೊತೆಗೇ 2004ರಲ್ಲಿ ಸಾಮಾಜಿಕ ಭಿನ್ನತೆ ಮತ್ತು ಓದುಗರ ಪ್ರತಿಸ್ಪಂದನದ ಬಗ್ಗೆ ಇನ್ನೊಂದು ಸಂಕಲನ ತಂದರು. ಬೇರೆ ಬರಹಗಳಲ್ಲಿ ಜರ್ಮನ್ ತತ್ವಜ್ಞಾನಿ ಹಾಬರ್ಮಾಸ್‌ನ ಸಂವಹನ ಸಿದ್ಧಾಂತವನ್ನು ತೆಗೆದುಕೊಂಡು, ಮಾತಾಡುವವನ ಬಗ್ಗೆ ಇಷ್ಟು ಚರ್ಚೆ ಇದೆ, ಕೇಳಿಸಿಕೊಳ್ಳುವವರ ಕೆಲಸದ ಬಗ್ಗೆ ಯಾಕಿಲ್ಲ ಎಂಬ ದಿಕ್ಕಿನಲ್ಲಿ ವಾದ ಬೆಳೆಸಿದರು. ಇನ್ನೊಬ್ಬರ ಕಾಳಜಿಯನ್ನೇ ಆಧಾರವಾಗಿಸಿದ ಆರೈಕೆಯ ನೀತಿಯನ್ನೂ ಅವರು ಓದಿಗೆ ತಂದರು.

ಭಾಗೀರಥಿ ಎಲ್ಲಿ ಏನು ಹೇಳಿದಳು ಎಂಬುದನ್ನು ಈ ಕಿವಿಯಿಂದ ಕೇಳಿ. ತವರಿಗೆ ಹೋದವಳು ಅಪ್ಪನ ಮುಂದೆ ಅತ್ತೆಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳಿದಳು. ಅಪ್ಪ ಹೊಲಮನೆ ಕೊಡುತ್ತೇನೆ ಎಂದ. ನಿಜ ಹೇಳಿದ್ದು ಗೆಳತಿಗೆ. ಆ ಗೆಳತಿಯೂ, ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂದಳು. ಇದನ್ನು ನಿಷ್ಠುರ ಎನ್ನುವುದೋ, ಬೇರೆ ದಾರಿ ಕಾಣದವಳ ಸಂಕಟ ಎನ್ನುವುದೋ ಎಂಬಲ್ಲಿ ತರಗತಿ ಎರಡು ಪಾಲಾದರೆ ಆಗಲಿ, ಆ ಚರ್ಚೆಗೆ ಒಂದು ಪೂರ್ತಿ ಪಿರಿಯಡ್ ಕೊಡಬಹುದು. ಕೊಡುವಾಗ ಇನ್ನೊಂದನ್ನು ಸೇರಿಸಿಕೊಳ್ಳಿ: ದಂಡಿನಿಂದ ಓಡಿ ಬಂದ ಗಂಡ ಮಾದೇವರಾಯನಿಗೆ ಹೆತ್ತವರು ನಿಜ ಹೇಳುವುದಿಲ್ಲ. ಅವನಿಗೆ ಅದು ತಿಳಿಯುವುದು ಗೆಳತಿಯ ಮನೆಯಲ್ಲಿ.